ಕೆಂಚಪ್ಪನ ಜೋಡಿ

ತ್ಯಾವಣಿಗೆ
6 ನವೆಂಬರ್ 2024

ಮಗಳು ಸಂಧ್ಯಾರಾಣಿಗೆ,

ಫೋನ್ ಇರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ನಾನೂ ನಿನ್ನ ಅಪ್ಪನೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನೀನು ‘ಊಟ ಆಯ್ತಾ’ ಅನ್ನುತ್ತೀಯ, ನಾನು ‘ಆಯ್ತು’ ಅನ್ನುತ್ತೇನೆ. ಅಷ್ಟಕ್ಕೇ ಮಾತು ಮುಗಿದು ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಡುತ್ತೇನೆ. ಬರೆಯುವಾಗ ಹಾಗಾಗುವುದಿಲ್ಲ. ನಾನು ದಿನಾ ಬರೆಯುವ ನೋಟ್‌ಬುಕ್ಕಿನ ಹಾಳೆಯನ್ನೇ ಹರಿದು ಬರೆಯುತ್ತಿದ್ದೇನೆ. ಅವ್ವ ತೀರಿಕೊಂಡ ಮೇಲೆ ಅದರಲ್ಲಿ ತಾರೀಕು ಬಿಟ್ಟು ಬೇರೇನೂ ಬರೆದಿಲ್ಲ.

ಅವ್ವನ ಫೋಟೊ ಬಂತು. ಚನ್ನಗಿರಿಯ ಸ್ಟುಡಿಯೊದವರು, ‘ಬೇರೆ ಫೋಟೊ ಇಲ್ವೇನಮ್ಮ? ಇದ್ರಾಗೆ ಅಜ್ಜಿ ಹೆದರಿಕಂಡಂಗೆ ಐತೆ’ ಎಂದರು. ಎಲ್ಲಿಂದ ತರಲಿ? ನನ್ನ ಮದುವೆ ಫೋಟೊದಲ್ಲಿ ಅವ್ವ ಕಂಬದ ಹಿಂದೆ ನಿಂತಿದ್ದಾಳೆ, ಸೆರಗು ಮಾತ್ರ ಕಾಣುತ್ತದೆ. ಕೊನೆಗೆ ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದೆ. ಅವರು ಸೀರೆಗೆ ಜರಿ ಅಂಚು ಹಾಕಿಕೊಟ್ಟಿದ್ದಾರೆ. ಅವ್ವ ಬದುಕಿರುವಾಗ ಅಂಥ ಸೀರೆ ಉಟ್ಟವಳಲ್ಲ. ಯಾರದೋ ಮನೆಯ ಅಜ್ಜಿಯನ್ನು ತಂದು ಗೋಡೆಗೆ ಹಾಕಿದ ಹಾಗಿದೆ.

ಈ ಸಲ ದೀಪಾವಳಿ ಮಾಡಲಿಲ್ಲ. ಶಾಲೆಯ ಬಿಸಿಯೂಟದ ಅಡುಗೆಗೆ ಹೋಗಿ ಬರುತ್ತಿದ್ದೇನೆ. ಬೇಳೆ ಬೇಯುವಾಗ ಹೊತ್ತು ಹೋಗುತ್ತದೆ. ನಿನ್ನ ಕೆಲಸ ಮುಂದಿನ ವರ್ಷವೂ ಇರುತ್ತದೆಯೇ, ಹೆಡ್ ಮಾಸ್ಟರು ಏನಂದರು, ಬರೆ.

ನಿನ್ನ ಅಮ್ಮ

*

ಜಗಳೂರು
21 ನವೆಂಬರ್ 2024

ಅಮ್ಮಾ,

ನಿನ್ನ ಕಾಗದ ಶಾಲೆಯ ವಿಳಾಸಕ್ಕೆ ಬಂತು. ಪೋಸ್ಟ್‌ಮ್ಯಾನ್ ‘ಮೇಡಂಗೆ ಕಾಗದ’ ಎಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ತಿರುಗಿ ನೋಡಿದರು. ನಾನೂ ಇನ್ನು ಬರೆಯುತ್ತೇನೆ.

ಮುಂದಿನ ವರ್ಷದ ಮಾತು ಈಗ ಯಾರೂ ಆಡುವುದಿಲ್ಲ. ಅತಿಥಿ ಶಿಕ್ಷಕರ ಹೆಸರನ್ನು ಹೆಡ್ ಮಾಸ್ಟರು ಶಿಫಾರಸು ಮಾಡಿ ಕಳಿಸಬೇಕು. ಶಿವಮೂರ್ತಪ್ಪ ಸರ್ ಕೆಟ್ಟವರಲ್ಲ. ಗಲಾಟೆ ಆಗದಿದ್ದರೆ ಅವರಿಗೆ ಸಾಕು.

ನಿನಗೊಂದು ವಿಷಯ ಹೇಳಬೇಕು. ಹೋದ ವಾರ ಒಂಬತ್ತನೇ ತರಗತಿಯಲ್ಲಿ ಇತಿಹಾಸದ ಪಾಠ ಮಾಡುತ್ತಿದ್ದೆ. ಮಮತಾ ಎಂಬ ಹುಡುಗಿ ಎದ್ದು ನಿಂತು, ‘ಮಿಸ್, ಅರಸ ಕೆರೆ ಕಟ್ಟಿಸಿದ, ಕೋಟೆ ಕಟ್ಟಿಸಿದ ಅಂತ ಐತೆ. ಕಟ್ಟಿದೋರು ಎಲ್ಲಿ ಹೋದ್ರು?’ ಎಂದಳು. ಹಿಂದಿನ ಬೆಂಚಿನಿಂದ ಒಂದು ದನಿ, ‘ಕೂಲಿ ಇಸ್ಕಂಡು ಮನೆಗೆ ಹೋದ್ರು’ ಎಂದಿತು. ನಗು ನಿಂತ ಮೇಲೆ ಪುಸ್ತಕದ ಹೆಸರುಗಳನ್ನು ಬೋರ್ಡಿನ ಮೇಲೆ ಬರೆಸಿದೆ, ಗಂಡಸರದು ಒಂದು ಸಾಲು, ಹೆಂಗಸರದು ಒಂದು ಸಾಲು. ಗಂಡಸರ ಸಾಲು ಬೋರ್ಡಿನ ಕೆಳಗಿನ ತನಕ ಹೋಗಿ ಪಕ್ಕಕ್ಕೆ ತಿರುಗಿತು. ಹೆಂಗಸರದು ನನ್ನ ಮೊಣಕೈಗಿಂತ ಕೆಳಗೆ ಇಳಿಯಲಿಲ್ಲ. ಇದ್ದವರೂ ರಾಣಿಯರು, ಇಲ್ಲವೇ ಯಾರದೋ ತಾಯಿ. ಚಿತ್ರದಲ್ಲಿ ಕೊಡ ಹೊತ್ತವರು, ಮೊರ ಹಿಡಿದವರು ಇದ್ದಾರೆ. ಅವರಿಗೆ ಹೆಸರಿಲ್ಲ.

ಆಗ ನಾನು ಅಜ್ಜಿ ಹೇಳುತ್ತಿದ್ದ ಸೂಳೆಕೆರೆಯ ಕಥೆ ಹೇಳಿದೆ. ಕೆರೆ ಕಟ್ಟಿಸಿದವಳು ಶಾಂತವ್ವ ಎಂಬ ಅರಸನ ಮಗಳಂತೆ. ಕೆರೆಗೆ ಬೇಕಾದ ಜಾಗ ಸೂಳೆಯರದಾಗಿತ್ತಂತೆ. ‘ಜಾಗ ಕೊಡ್ತೀವಿ, ಕೆರೆಗೆ ನಮ್ಮ ಹೆಸರು ಇರ್ಲಿ’ ಎಂದು ಅವರು ಕೇಳಿದರಂತೆ. ನೆನಪಿದೆಯಾ, ಅಜ್ಜಿ ಪ್ರತಿ ಸಲವೂ ಕಥೆಯ ಕೊನೆಗೆ ಏನು ಹೇಳುತ್ತಿದ್ದಳು? ‘ಅವ್ರು ಹೆಸ್ರು ಕೇಳಿ ಇಸ್ಕಂಡ್ರು. ನಾವು ಮಣ್ಣು ಹೊತ್ತೋರು ಕೇಳಲೇ ಇಲ್ಲ.’

ಈಗ ಪ್ರತಿಯೊಬ್ಬರೂ ತಮ್ಮ ಮನೆಯ ಒಬ್ಬ ಹೆಂಗಸಿನ ಬಗ್ಗೆ ಒಂದು ಹಾಳೆ ಬರೆದು ಪಾಠದ ಕೊನೆಗೆ ಅಂಟಿಸುತ್ತಿದ್ದಾರೆ. ಹೊಸ ಪುಸ್ತಕ ತಡವಾದರೆ ಇರಲಿ ಎಂದು ನಮ್ಮ ಶಾಲೆಯಲ್ಲಿ ಏಪ್ರಿಲ್‌ನಲ್ಲಿ ಹಳೆಯವನ್ನು ವಾಪಸ್ ಪಡೆದು ಮುಂದಿನ ತಂಡಕ್ಕೆ ಕೊಡುತ್ತಾರೆ. ಹಾಗಾಗಿ ಆ ಹಾಳೆಗಳನ್ನು ಇನ್ನೊಬ್ಬರೂ ಓದುತ್ತಾರೆ. ನಾನು ಅಜ್ಜಿಯ ಬಗ್ಗೆ ಬರೆಯುತ್ತೇನೆ ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಅವಳು ಹುಟ್ಟಿದ್ದು ಯಾವಾಗ? ಯಾವ ಕೆರೆಯ ಏರಿಗೆ ಮಣ್ಣು ಹೊತ್ತಳು? ಯಾವ ವರ್ಷ? ನಿನಗೆ ಗೊತ್ತಿರುವುದನ್ನೆಲ್ಲ ಬರೆ.

ಸಂಧ್ಯಾ

*

ತ್ಯಾವಣಿಗೆ
3 ಡಿಸೆಂಬರ್ 2024

ಸಂಧ್ಯಾ,

ನಿನ್ನ ಕಾಗದ ಮೂರು ಸಲ ಓದಿದೆ. ಆ ಕೆರೆಯ ಹೆಸರಿನ ಕಥೆಯನ್ನು ಕ್ಲಾಸಿನಲ್ಲಿ ಯಾಕೆ ತೆಗೆದೆ? ಇಲ್ಲಿ ಬಸ್ಸಿನ ಕಂಡಕ್ಟರ್ ದಿನಕ್ಕೆ ಹತ್ತು ಸಲ ಅದನ್ನೇ ಕೂಗುತ್ತಾನೆ, ಯಾರೂ ತಲೆ ಎತ್ತುವುದಿಲ್ಲ. ಅದೇ ಮಾತು ಟೀಚರ ಬಾಯಲ್ಲಿ ಬಂದರೆ ಬೇರೆ. ನೀನು ಹೊರಗಿನವಳು, ಮದುವೆಯಾಗದವಳು, ವರ್ಷ ವರ್ಷವೂ ಮತ್ತೆ ಸೇರಬೇಕಾದವಳು. ಅದನ್ನು ಮರೆಯಬೇಡ.

ಅವ್ವನ ಆಧಾರ್ ಕಾರ್ಡಿನಲ್ಲಿ ಜನವರಿ ಒಂದು, 1948 ಎಂದಿದೆ. ಪಕ್ಕದ ಮನೆಯ ನಿರ್ಮಲಮ್ಮನಿಗೂ ಜನವರಿ ಒಂದೇ. ನಮ್ಮ ಬೀದಿಯ ಮುದುಕಿಯರೆಲ್ಲ ಒಂದೇ ದಿನ ಹುಟ್ಟಿದವರು. ನಿಜವಾದದ್ದು ಯಾರಿಗೂ ಗೊತ್ತಿಲ್ಲ.

ಮಣ್ಣು ಹೊತ್ತ ವಿಷಯ ಬರೆಯಬೇಡ. ಯಾವ ಕೆರೆ, ಯಾವ ವರ್ಷ, ಅದೆಲ್ಲ ಬೇಡವೇ ಬೇಡ. ಬರೆದಿಟ್ಟದ್ದನ್ನು ಯಾರು ಎಂದು ಓದುತ್ತಾರೋ, ಯಾರು ಏನು ಹುಡುಕಿಕೊಂಡು ಬರುತ್ತಾರೋ ಹೇಳಲು ಬರುವುದಿಲ್ಲ. ಅವ್ವ ರೊಟ್ಟಿ ಚೆನ್ನಾಗಿ ಬಡಿಯುತ್ತಿದ್ದಳು, ಸೋಬಾನೆ ಪದ ಹೇಳುತ್ತಿದ್ದಳು ಎಂದು ಬರೆ. ಅದೂ ನಿಜವೇ ಅಲ್ಲವೇ?

ನೀನು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ಎಂದು ಸಿಟ್ಟಾಗಬೇಡ. ನಿನ್ನ ಅಪ್ಪ, ‘ಏನ್ ಬರ್ದಾಳೆ ಮಗಳು?’ ಎಂದು ಕೇಳಿದರು. ‘ಚೆನ್ನಾಗೈದಾಳಂತೆ’ ಎಂದೆ. ಬೆಳಗಿನಿಂದ ಎರಡು ಸಲ ಸಾರಿಗೆ ಉಪ್ಪು ಹಾಕಿದ್ದೇನೆ. ಶಾಲೆಯ ಮಕ್ಕಳು ಪಾಪ ಏನೂ ಅನ್ನದೆ ಉಂಡರು.

ಆ ಹಾಳೆಗಳನ್ನು ಈಗಲೇ ತೆಗೆಸಿಬಿಡು. ಯಾರೂ ನೋಡುವ ಮೊದಲು.

ಅಮ್ಮ

*

ಜಗಳೂರು
19 ಡಿಸೆಂಬರ್ 2024

ಅಮ್ಮಾ,

ನೀನು ಹೆದರಿದ್ದೇ ಆಯಿತು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಮಮತಾಳ ತಂದೆ ಮೈಲಾರಿ ನಮ್ಮ ಶಾಲಾ ಸಮಿತಿ ಎಸ್‌ಡಿಎಂಸಿಯ ಸದಸ್ಯರು. ಸೋಮವಾರ ಹೆಡ್ ಮಾಸ್ಟರ ಕೋಣೆಗೆ ಬಂದರು. ನನ್ನನ್ನೂ ಕರೆಸಿದರು.

‘ನನ್ ಮಗ್ಳು ಉಣ್ಣಾಕೆ ಕುಂತಾಗ ಸೂಳೆ ಅಂದ್ರೆ ಯಾರಪ್ಪ ಅಂತ ಕೇಳ್ತಾಳೆ ಸಾರ್. ಬೀಗ್ರು ಕುಂತಾರೆ ಎದ್ರಿಗೆ. ಏನಂತ ಹೇಳ್ಲಿ ನಾನು?’

‘ನೀವೇನು ಹೇಳಿದ್ರಿ?’ ಎಂದು ನಾನು ಕೇಳಿದೆ.

‘ಅನ್ನ ತಿನ್ನು ಅಂದೆ.’

ಶಿವಮೂರ್ತಪ್ಪ ಸರ್‌ಗೆ ನಗು ಬಂತು, ತಡೆದುಕೊಂಡರು. ಮೈಲಾರಿ ಹೋದ ಮೇಲೆ ಬಾಗಿಲು ಹಾಕಿ, ‘ಏನ್ರೀ ಮೇಡಂ, ಪುಸ್ತಕದಾಗೆ ಇರೋದನ್ನ ಮುಗಿಸಾಕೇ ನಮಗೆ ಟೈಮಿಲ್ಲ. ಇಲ್ಲದ್ದನ್ನ ಯಾಕೆ ಹೇಳಾಕೆ ಹೋದ್ರಿ? ತಪ್ಪಾಯ್ತು ಅಂತ ಎರಡು ಸಾಲು ಬರ್ಕೊಡ್ರಿ, ಹಾಳೆ ಕೀಳಿಸ್ರಿ. ನಾನು ಇಲ್ಲಿಗೇ ಮುಗಿಸ್ತೀನಿ’ ಎಂದರು.

ಬರೆದುಕೊಡುವುದಿಲ್ಲ ಎಂದೆ. ಆ ಕಥೆ ನಾನು ಕಟ್ಟಿದ್ದಲ್ಲ. ನಮ್ಮ ಕಡೆ ಎಲ್ಲರ ಬಾಯಲ್ಲಿರುವುದು, ನಾನು ನನ್ನ ಅಜ್ಜಿಯಿಂದ ಕೇಳಿದ್ದು. ಆ ಹಾಳೆಗಳಲ್ಲಿ ಇರುವುದು ಮಕ್ಕಳ ಅಜ್ಜಿಯರು, ಅಮ್ಮಂದಿರು. ಅವರನ್ನು ತಪ್ಪು ಎಂದು ಹೇಗೆ ಬರೆಯಲಿ? ಜನವರಿ ಹದಿನೆಂಟಕ್ಕೆ ಸಭೆ ಇದೆ. ಅಲ್ಲಿಯೂ ಒಪ್ಪದಿದ್ದರೆ ಮುಂದಿನ ವರ್ಷಕ್ಕೆ ನನ್ನ ಹೆಸರು ಕಳಿಸುವುದಿಲ್ಲ ಎಂದಿದ್ದಾರೆ.

ನನಗೆ ಭಯವಿಲ್ಲ ಎಂದರೆ ಸುಳ್ಳು. ಆದರೆ ಸಭೆಯಲ್ಲಿ ಹೇಳಲು ನನ್ನ ಹತ್ತಿರ ಮಾತಿದೆ. ನೀನು ಸುಮ್ಮನೆ ನಿದ್ದೆ ಕೆಡಿಸಿಕೊಳ್ಳಬೇಡ. ಅಜ್ಜಿಯ ವಿಷಯ ಬರೆದು ಕಳಿಸಿದರೆ ನನಗೆ ಬಲ ಬರುತ್ತದೆ.

ಸಂಧ್ಯಾ

*

ತ್ಯಾವಣಿಗೆ
27 ಡಿಸೆಂಬರ್ 2024

ಮಾನ್ಯ ಹೆಡ್ ಮಾಸ್ಟರು ಶಿವಮೂರ್ತಪ್ಪನವರ ಸನ್ನಿಧಿಗೆ,

ನಿಮ್ಮ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿರುವ ಸಂಧ್ಯಾರಾಣಿಯ ತಾಯಿ ಕೈಮುಗಿದು ಬರೆದುಕೊಳ್ಳುವುದೇನೆಂದರೆ, ನನ್ನ ಮಗಳಿಂದ ತಪ್ಪಾಗಿದೆ. ದಯವಿಟ್ಟು ಮನ್ನಿಸಬೇಕು. ಅವಳು ಹೇಳಿದ ಕಥೆ ನನ್ನ ತಾಯಿ ಕಾಟಮ್ಮ ಹೇಳಿದ್ದು. ಅವಳು ಓದು ಬರಹ ಇಲ್ಲದವಳು, ವಯಸ್ಸಾದ ಮೇಲೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು. ಅವಳು ಯಾವ ಕೆರೆಯಲ್ಲೂ ಮಣ್ಣು ಹೊತ್ತವಳಲ್ಲ. ಮನೆಯಲ್ಲೇ ಇದ್ದವಳು. ಅವಳ ಮಾತನ್ನು ನಂಬಿ ನನ್ನ ಮಗಳು ಮಕ್ಕಳಿಗೆ ಹೇಳಿದ್ದಾಳೆ. ಇನ್ನು ಮುಂದೆ ಪುಸ್ತಕದಲ್ಲಿ ಇರುವುದನ್ನು ಬಿಟ್ಟು ಬೇರೆ ಹೇಳದಂತೆ ನಾನು ಬುದ್ಧಿ ಹೇಳುತ್ತೇನೆ. ಅವಳ ಕೆಲಸ ಉಳಿಸಬೇಕು. ನಾನು ಬರೆದದ್ದು ಅವಳಿಗೆ ತಿಳಿಯುವುದು ಬೇಡ.

ಇಂತಿ,
ಸಣ್ಣಪ್ಪನವರ ಪತ್ನಿ, ಸಂಧ್ಯಾರಾಣಿಯ ತಾಯಿ

*

ಜಗಳೂರು
21 ಜನವರಿ 2025

ಅಮ್ಮಾ,

ಸಭೆ ಶನಿವಾರ ಆಯಿತು. ನಾನು ನಾಲ್ಕು ಹಾಳೆ ತುಂಬ ಟಿಪ್ಪಣಿ ಬರೆದುಕೊಂಡು ಹೋಗಿದ್ದೆ. ಮೈಲಾರಿ ಕೇಳಿದರು, ನಾನು ಉತ್ತರ ಕೊಟ್ಟೆ. ಇನ್ನೊಬ್ಬರು ಕೇಳಿದರು, ಅದಕ್ಕೂ ಕೊಟ್ಟೆ. ಒಬ್ಬ ತಾಯಿಯಂತೂ, ‘ನನ್ ಹೆಸ್ರು ಹಾಳೇಲಿ ಬಂದೈತೆ ಅಂತ ನಮ್ಮನೇರು ಎಲ್ಲಾರ್ಗೂ ತೋರಿಸ್ಕಂಡು ಬಂದಾರೆ, ಬಿಡ್ರಿ ಅತ್ಲಾಗೆ’ ಎಂದರು. ಇನ್ನೇನು ಮುಗಿಯಿತು ಅನ್ನುವಾಗ ಶಿವಮೂರ್ತಪ್ಪ ಸರ್ ಫೈಲಿನಿಂದ ಒಂದು ಹಾಳೆ ತೆಗೆದರು. ಗೆರೆ ಇರುವ ನೋಟ್‌ಬುಕ್ಕಿನ ಹಾಳೆ. ಆ ಅಕ್ಷರವನ್ನು ನಾನು ಕುರ್ಚಿಯಿಂದಲೇ ಗುರುತಿಸಿದೆ. ನನಗೆ ಅಕ್ಷರ ತಿದ್ದಿಸಿದ ಕೈ ಅದು.

ಅವರು ಪೂರ್ತಿ ಓದಿದರು. ‘ಬಾಯಿಗೆ ಬಂದದ್ದನ್ನು ಹೇಳುತ್ತಿದ್ದಳು’ ಎಂಬಲ್ಲಿ ಯಾರೋ ನಕ್ಕರು. ‘ಮನೇರೇ ಸುಳ್ಳು ಅಂತಾರಲ್ಲ ಮೇಡಂ. ಇನ್ನೇನೈತೆ ಮಾತಾಡಾಕೆ?’ ಎಂದರು ಮೈಲಾರಿ.

ಮೈಲಾರಿಗೆ ನನ್ನ ಹತ್ತಿರ ಉತ್ತರ ಇತ್ತು. ನಿನಗೆ ಇರಲಿಲ್ಲ. ತಪ್ಪಾಯ್ತು ಎಂದು ಬರೆದುಕೊಟ್ಟು ಸಹಿ ಹಾಕಿದೆ. ವರದಿಯ ಜೊತೆ ನಿನ್ನ ಕಾಗದವನ್ನೂ ಮೇಲಿನ ಆಫೀಸಿಗೆ ಕಳಿಸಿದ್ದಾರೆ.

ನಿನ್ನೆ ಪ್ರಾರ್ಥನೆ ಆದ ಮೇಲೆ ಮಕ್ಕಳು ತಾವು ಅಂಟಿಸಿದ್ದನ್ನು ತಾವೇ ಕಿತ್ತರು. ಮೈದಾ ಕಾಸಿ ಮಾಡಿದ ಅಂಟು, ಗಟ್ಟಿಯಾಗಿತ್ತು. ಕೀಳುವಾಗ ಪಾಠದ ಕೊನೆಯ ಸಾಲುಗಳೂ ಕಿತ್ತುಕೊಂಡು ಬಂದವು. ಮಮತಾ, ‘ಮಿಸ್, ಅರಸನದೂ ಹರೀತು’ ಎಂದಳು.

ಅಜ್ಜಿ ಸತ್ತು ಮೂರು ತಿಂಗಳಾಗಿತ್ತು ಅಷ್ಟೇ. ಸ್ವಲ್ಪ ದಿನ ನನಗೆ ಬರೆಯಬೇಡ. ಫೋನೂ ಮಾಡಬೇಡ.

ಸಂಧ್ಯಾರಾಣಿ

*

ತ್ಯಾವಣಿಗೆ
2 ಫೆಬ್ರವರಿ 2025

ಸಂಧ್ಯಾ,

ಬರೆಯಬೇಡ ಎಂದಿದ್ದೀಯ. ಹನ್ನೆರಡು ದಿನ ಬರೆಯಲಿಲ್ಲ. ಇದನ್ನು ಓದದೆ ಇಟ್ಟರೂ ಇಡು. ಹರಿಯಬೇಡ.

ನಾನು ಬರೆದದ್ದು ಸುಳ್ಳು. ನಮ್ಮವ್ವ ಮಣ್ಣು ಹೊತ್ತವಳೇ. ನನಗೆ ಆ ಭಯ ಎಲ್ಲಿಂದ ಬಂತು ಎಂದು ಹೇಳುತ್ತೇನೆ. ನಿನ್ನ ಅಪ್ಪನಿಗೂ ಹೇಳಿಲ್ಲ, ನನ್ನ ನೋಟ್‌ಬುಕ್ಕಿಗೂ ಹೇಳಿಲ್ಲ.

ನಮ್ಮಪ್ಪ ಕೆಂಚಪ್ಪ ಜ್ವರದಲ್ಲಿ ಹೋದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ಅದೇ ಬೇಸಿಗೆ ಉಬ್ರಾಣಿ ಕಡೆಯ ನನ್ನ ತವರೂರಿನ ಸಣ್ಣ ಕೆರೆಯ ಏರಿ ಕೆಲಸ ಶುರುವಾಯಿತು. ಸರ್ಕಾರದ ಕೆಲಸ. ಆಗ ಅಲ್ಲಿ ಆಳುಗಳನ್ನು ಒಬ್ಬೊಬ್ಬರನ್ನಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಜೋಡಿ ಲೆಕ್ಕ. ಗಂಡ ಅಗೆಯಬೇಕು, ಹೆಂಡತಿ ಹೊರಬೇಕು. ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು ಒಂದೇ ಬರೆಯುತ್ತಿದ್ದರು. ಹೆಂಡತಿ ಆ ಹೆಸರಿನ ಒಳಗೇ ಸೇರಿದವಳು. ಗಂಡನಿಲ್ಲದವಳಿಗೆ ಜೋಡಿಯಿಲ್ಲ, ಜೋಡಿಯಿಲ್ಲದವಳಿಗೆ ಕೆಲಸವಿಲ್ಲ.

ಅಪ್ಪ ಸಾಯುವುದಕ್ಕೆ ಮೊದಲೇ ಹೆಸರು ಕೊಟ್ಟಿದ್ದ. ಅವ್ವ ಆ ಹೆಸರನ್ನು ತೆಗೆಸಲಿಲ್ಲ. ಮೇಸ್ತ್ರಿಗೆ ಗೊತ್ತಿತ್ತು. ‘ಪುಸ್ತಕದಾಗೆ ಕೆಂಚಪ್ಪ ಐದಾನೆ, ನಂಗಷ್ಟೇ ಸಾಕು. ಅಗಿಯೋದು ಯಾರಾದ್ರೇನು’ ಎಂದ. ಅವ್ವ ಗುದ್ದಲಿ ಹಿಡಿದಳು. ಹೊರಲು ನನ್ನನ್ನು ಶಾಲೆ ಬಿಡಿಸಿದಳು. ದೊಡ್ಡವಳಾದೆ ಎಂದು ಶಾಲೆ ಬಿಡಿಸಿದರು ಅಂತ ನಿನಗೆ ಹೇಳಿದ್ದೆನಲ್ಲ, ಅದೂ ಸುಳ್ಳು.

ಇಂಜಿನಿಯರ್ ಸಾಹೇಬರು ಬಂದು ಕೆಂಚಪ್ಪ ಎಲ್ಲಿ ಎಂದರೆ, ‘ನೀರು ಕುಡಿಯಾಕೆ ಹೋಗ್ಯಾನೆ ಅನ್ನು’ ಎಂದು ಅವ್ವ ಹೇಳಿಕೊಟ್ಟಿದ್ದಳು. ಎರಡು ಬೇಸಿಗೆ ನಮ್ಮಪ್ಪ ನೀರು ಕುಡಿಯಲು ಹೋಗಿದ್ದ.

ಕೆಲಸ ಮುಗಿದ ಮೇಲೆ ಅವ್ವ, ‘ಇದನ್ನ ಯಾರ ಮುಂದೂ ಆಡಬ್ಯಾಡ. ಸತ್ತೋನ ಹೆಸ್ರಾಗೆ ಸರ್ಕಾರಕ್ಕೆ ಮೋಸ ಮಾಡೀವಿ’ ಎಂದಳು. ಅಂದಿನಿಂದ ಖಾಕಿ ಬಟ್ಟೆಯವರು, ಫೈಲು ಹಿಡಿದವರು ಯಾರು ಬೀದಿಗೆ ಬಂದರೂ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ನೀನು ಯಾವ ಕೆರೆ, ಯಾವ ವರ್ಷ ಎಂದು ಕೇಳಿದೆ. ಯಾರಾದರೂ ಹಳೇ ಹಾಜರಿ ಪುಸ್ತಕ ತೆಗೆಯುತ್ತಾರೆ, ಅಪ್ಪ ಸತ್ತ ತಾರೀಕು ನೋಡುತ್ತಾರೆ, ಕೊನೆಗೆ ಅದು ನಿನ್ನ ಕೆಲಸಕ್ಕೇ ಕುತ್ತಾಗುತ್ತದೆ ಎಂದು ಹೆದರಿದೆ. ಅದಕ್ಕೇ ಅವ್ವ ಮನೆಯಲ್ಲೇ ಇದ್ದಳು ಎಂದು ಬರೆದುಬಿಟ್ಟೆ.

ನಿನ್ನನ್ನು ಕಾಯಲು ಹೋಗಿ ಅವಳನ್ನು ಅಳಿಸಿದೆ. ಇಬ್ಬರೂ ಕೈಬಿಟ್ಟುಹೋದಿರಿ. ಗೋಡೆಯ ಮೇಲಿನ ಜರಿ ಸೀರೆಯ ಅಜ್ಜಿಯ ಮುಂದೆ ದೀಪ ಹಚ್ಚಲು ಕೈ ಬರುತ್ತಿಲ್ಲ.

ಅಮ್ಮ

*

ತ್ಯಾವಣಿಗೆ
23 ಫೆಬ್ರವರಿ 2025

ಸಂಧ್ಯಾ,

ಕಾಗದ ತಲುಪಿತೋ ಇಲ್ಲವೋ ಎಂದು ಬರೆಯುತ್ತಿದ್ದೇನೆ. ಪೋಸ್ಟ್‌ಮ್ಯಾನ್ ನನ್ನನ್ನು ನೋಡಿದರೆ ಸೈಕಲ್ ನಿಲ್ಲಿಸದೆ ದೂರದಿಂದಲೇ ಕೈ ಆಡಿಸುತ್ತಾನೆ. ನೀನು ಹಾಸ್ಟೆಲಿನಲ್ಲಿ ಸರಿಯಾಗಿ ಊಟ ಮಾಡುತ್ತಿದ್ದೀಯ ಎಂದು ನಿನ್ನ ಜೊತೆ ಫೋನಿನಲ್ಲಿ ಮಾತಾಡಿದ ಅಪ್ಪ ಹೇಳಿದರು. ಅಷ್ಟಾದರೂ ತಿಳಿಯಿತು.

ಅಮ್ಮ

*

ಜಗಳೂರು
14 ಮಾರ್ಚ್ 2025

ಅಮ್ಮಾ,

ನಿನ್ನ ಎರಡೂ ಕಾಗದ ಬಂದಿವೆ. ಬರೆಯಲು ಕುಳಿತಾಗಲೆಲ್ಲ ನನಗೆ ಪ್ರಶ್ನೆಗಳೇ ಬಂದವು. ಅವನ್ನೇ ಕಳಿಸುತ್ತಿದ್ದೇನೆ.

ಮಣ್ಣು ಹೊರುವ ಪುಟ್ಟಿ ಬಿದಿರಿನದೋ ತಗಡಿನದೋ? ತಲೆಯ ಮೇಲೆ ಸಿಂಬೆಗೆ ಯಾವ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ? ಏರಿ ಹತ್ತುವಾಗ ನೀನು ಮುಂದೋ ಅಜ್ಜಿ ಮುಂದೋ? ಮಧ್ಯಾಹ್ನ ಏನು ತಿನ್ನುತ್ತಿದ್ದಿರಿ? ನೀನು ಏಳನೆಯ ಪರೀಕ್ಷೆ ಬರೆದೆಯಾ ಅಥವಾ ಅದಕ್ಕೂ ಮೊದಲೇ ಬಿಡಿಸಿದರೇ? ಏರಿಯ ಮೇಲಿಂದ ಶಾಲೆ ಕಾಣುತ್ತಿತ್ತೇ? ಬೆಳಿಗ್ಗೆ ಮೇಸ್ತ್ರಿ ಕೆಂಚಪ್ಪ ಎಂದು ಹಾಜರಿ ಕೂಗಿದಾಗ ಓಗೊಡುತ್ತಿದ್ದವರು ಯಾರು?

ಇನ್ನೊಂದು ಮಾತು. ಅಲ್ಲಿ ಮೋಸ ಆದದ್ದು ಸರ್ಕಾರಕ್ಕಲ್ಲ.

ಏಪ್ರಿಲ್ ಒಂಬತ್ತಕ್ಕೆ ವರ್ಷದ ಕೊನೆಯ ಸಭೆ. ನನ್ನ ಹೆಸರು ಹೋಗಿದೆಯೋ ಇಲ್ಲವೋ ಅಲ್ಲಿ ಹೇಳುತ್ತಾರೆ. ಊಟ ಮಾಡುತ್ತಿದ್ದೇನೆ.

ಸಂಧ್ಯಾ

*

ತ್ಯಾವಣಿಗೆ
26 ಮಾರ್ಚ್ 2025

ಹೆಡ್ ಮಾಸ್ಟರು ಶಿವಮೂರ್ತಪ್ಪನವರಿಗೆ ನಮಸ್ಕಾರಗಳು.

ಡಿಸೆಂಬರ್ ಇಪ್ಪತ್ತೇಳರಂದು ನಾನು ನಿಮಗೆ ಬರೆದ ಕಾಗದದಲ್ಲಿ ಸುಳ್ಳಿದೆ. ನನ್ನ ಮಗಳ ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಬರೆದೆ. ನನ್ನ ತಾಯಿ ಕಾಟಮ್ಮ ಬಾಯಿಗೆ ಬಂದದ್ದನ್ನು ಹೇಳುವವಳಲ್ಲ. ಉಬ್ರಾಣಿ ಕಡೆಯ ನನ್ನ ತವರೂರ ಕೆರೆಯ ಏರಿಗೆ ಎರಡು ಬೇಸಿಗೆ ಮಣ್ಣು ಅಗೆದಿದ್ದಾಳೆ. ಗಂಡ ಸತ್ತ ಮೇಲೆ ಗಂಡನ ಹೆಸರಿನಲ್ಲಿ ಅಗೆದಳು, ಯಾಕೆಂದರೆ ಅವಳ ಹೆಸರನ್ನು ಬರೆದುಕೊಳ್ಳುತ್ತಿರಲಿಲ್ಲ. ಆ ಮಣ್ಣು ಹೊತ್ತವಳು ನಾನು. ತಗಡಿನ ಪುಟ್ಟಿ, ಅಪ್ಪನ ಹಳೇ ಪಂಚೆಯ ಸಿಂಬೆ. ಏಳನೆಯ ಪರೀಕ್ಷೆ ನಾನು ಬರೆಯಲಿಲ್ಲ. ಏರಿಯ ಮೇಲಿಂದ ಶಾಲೆಯ ಹೆಂಚು ಕಾಣುತ್ತಿತ್ತು, ಗಂಟೆಯೂ ಕೇಳುತ್ತಿತ್ತು. ಆ ಏರಿ ಇನ್ನೂ ಇದೆ, ಬೇಕಾದವರು ಹೋಗಿ ನೋಡಬಹುದು.

ಇದರಲ್ಲಿ ಸರ್ಕಾರಕ್ಕೆ ಮೋಸವಾಗಿದ್ದರೆ ನನ್ನನ್ನು ಕೇಳಲಿ, ಮಗಳನ್ನಲ್ಲ. ಮೊದಲಿನ ಕಾಗದವನ್ನು ನೀವು ಸಭೆಯಲ್ಲಿ ಗಟ್ಟಿಯಾಗಿ ಓದಿದಿರಂತೆ. ಇದನ್ನೂ ಹಾಗೆಯೇ ಓದಬೇಕು. ಅವಳಿಗೆ ತಿಳಿದರೂ ಆಗಬಹುದು.

ಲಕ್ಷ್ಮೀದೇವಿ

*

ಜಗಳೂರು
11 ಏಪ್ರಿಲ್ 2025

ಅಮ್ಮಾ,

ಓದಿದರು. ಅವರು ಓದುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಮೊದಲ ಸಾಲಿಗೇ ನಿಲ್ಲಿಸಿ, ‘ಇದೇನ್ರೀ ಮೇಡಂ, ನಿಮ್ಮನೇರು ಒಂದ್ಸಲ ಹಂಗಂತಾರೆ, ಒಂದ್ಸಲ ಹಿಂಗಂತಾರೆ’ ಎಂದರು.

‘ಮುಂದಕ್ಕೆ ಓದ್ರಿ ಸಾರ್’ ಎಂದರು ಮೈಲಾರಿ.

ಪೂರ್ತಿ ಓದಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಮೈಲಾರಿ ಟವೆಲನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದರು. ‘ನಮ್ಮವ್ವ ಓಬವ್ವಂದೂ ಹಿಂಗೇ. ಗೋಕಟ್ಟೆ ಕೆಲಸದಾಗೆ ನಮ್ಮಪ್ಪನ ಹೆಸ್ರೇ ಇರೋದು. ನಮ್ಮಪ್ಪ ಬೀಡಿ ಸೇದ್ಕಂಡು ಕುಂತಿರ್ತಿದ್ದ’ ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ‘ಹಂಗಂತ ಮೇಡಂ ಆ ಮಾತು ಮಕ್ಕಳ ಮುಂದೆ ಆಡಿದ್ದು ಸರಿ ಅನ್ನಲ್ಲ ನಾನು’ ಎಂದೂ ಸೇರಿಸಿದರು.

ಆದರೆ ಕೆಲಸ ಹೋಯಿತು ಅಮ್ಮ. ನಾನು ಸಹಿ ಹಾಕಿದ್ದರೂ, ಗಲಾಟೆಯ ಹೆಸರು ಬೇಡವೆಂದು ಮುಂದಿನ ವರ್ಷದ ಪಟ್ಟಿಯನ್ನು ಸರ್ ಜನವರಿಯಲ್ಲೇ ನನ್ನ ಹೆಸರಿಲ್ಲದೆ ಬರೆದು ಕಳಿಸಿಬಿಟ್ಟಿದ್ದರು, ನಿನ್ನ ಮೊದಲ ಕಾಗದ ಅದರ ಜೊತೆಗೇ ಹೋಗಿತ್ತು. ‘ಇದನ್ನೂ ಕಳಿಸ್ತೀನಿ, ಅದೇ ಫೈಲಿಗೆ ಸೇರ್ಲಿ. ಪಟ್ಟಿ ಮಾತ್ರ ನನ್ನ ಕೈಯಾಗಿಲ್ಲ’ ಎಂದರು. ನನ್ನ ಮುಖ ನೋಡದೆ ಹೇಳಿದರು. ನೀನು ಅಳಬೇಡ. ಹೊನ್ನಾಳಿ, ನ್ಯಾಮತಿ ಕಡೆ ಕೇಳಿ ನೋಡುತ್ತೇನೆ.

ಸಭೆ ಮುಗಿದ ಮೇಲೆ ಮಕ್ಕಳಿಂದ ಪುಸ್ತಕ ವಾಪಸ್ ತೆಗೆದುಕೊಂಡೆ. ಮಮತಾ ಕೊಟ್ಟ ಪುಸ್ತಕದಲ್ಲಿ, ಹಾಳೆ ಕಿತ್ತು ಬಿಳುಚಿಕೊಂಡ ಜಾಗದಲ್ಲಿ, ಪೆನ್ಸಿಲಿನಿಂದ ಸಣ್ಣಗೆ ‘ಓಬವ್ವ’ ಎಂದು ಬರೆದಿತ್ತು. ನೋಡಿಯೂ ನೋಡದವಳ ಹಾಗೆ ಕಟ್ಟಿನೊಳಗೆ ಸೇರಿಸಿದೆ.

ಮುಂದಿನ ವಾರ ಶನಿವಾರ ಊರಿಗೆ ಬರುತ್ತೇನೆ. ನೀನು ಉತ್ತರಿಸದ ಪ್ರಶ್ನೆಗಳಲ್ಲಿ ಒಂದನ್ನು ಎದುರಿಗೇ ಕೇಳುವುದಿದೆ.

ಸಂಧ್ಯಾ

*

ತ್ಯಾವಣಿಗೆ
19 ಜೂನ್ 2025

ಮಗಳು ಸಂಧ್ಯಾರಾಣಿಗೆ,

ನ್ಯಾಮತಿಯ ಶಾಲೆಗೆ ಸೇರಿ ಹತ್ತು ದಿನವಾಯಿತು. ಹಳೇ ಶಾಲೆ ಯಾಕೆ ಬಿಟ್ಟಿರಿ ಎಂದು ಅಲ್ಲಿಯವರು ಕೇಳಿದರೇ? ಏನು ಹೇಳಿದೆ? ಈ ಕೆಲಸವೂ ಒಂದೇ ವರ್ಷದ್ದು ಎಂದು ನೆನೆದರೆ ನನಗೆ ಈಗಲೂ ಭಯವಾಗುತ್ತದೆ. ಆದರೆ ಬೇಡ ಎಂದು ಈ ಸಲ ಬರೆಯುವುದಿಲ್ಲ.

ಏರಿಯ ವಿಷಯವನ್ನು ನಿನ್ನ ಅಪ್ಪನಿಗೂ ಹೇಳಿದೆ. ‘ಅದಕ್ಕೇನಾ ಬಸ್ಸು ಕೆರೆ ಏರಿ ಮ್ಯಾಲೆ ಹೋದಾಗೆಲ್ಲ ಕಣ್ಣು ಮುಚ್ಕಂಡು ಕೂರ್ತಿದ್ದೆ? ನಿದ್ದೆ ಬಂದೈತೆ ಅನ್ಕಂಡಿದ್ದೆ ನಾನು’ ಎಂದರು. ಮೂವತ್ತು ವರ್ಷ ಪಕ್ಕದಲ್ಲಿ ಕುಳಿತವರು. ಅಷ್ಟೇ ಅಂದರು.

ನೀನು ಊರಿಗೆ ಬಂದಾಗ ಹಾಜರಿಗೆ ಓಗೊಟ್ಟವರು ಯಾರು ಎಂದು ಎರಡು ಸಲ ಕೇಳಿದೆ, ನಾನು ಎರಡು ಸಲವೂ ಒಲೆಯ ಕಡೆ ತಿರುಗಿದೆ. ಈಗ ಹೇಳುತ್ತೇನೆ. ಮೇಸ್ತ್ರಿ ಬೆಳಿಗ್ಗೆ ‘ಕೆಂಚಪ್ಪನ ಜೋಡಿ’ ಎಂದು ಕೂಗುತ್ತಿದ್ದ. ಆ ಹೆಸರಿಗೆ ಓಗೊಡಲು ಅವ್ವನಿಗೆ ಬಾಯಿ ಬರುತ್ತಿರಲಿಲ್ಲ. ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ನಾನೇ ಗಂಟಲು ದಪ್ಪ ಮಾಡಿಕೊಂಡು ‘ಬಂದೀವಿ’ ಎಂದು ಕೂಗುತ್ತಿದ್ದೆ. ಎರಡು ಬೇಸಿಗೆ ಹಾಗೇ ನಡೆಯಿತು.

ಕೊನೆಯ ದಿನ ನಾನು ಬಾಯಿ ತೆರೆಯುವ ಮೊದಲೇ ಅವ್ವ ತಲೆ ಎತ್ತಿದಳು. ‘ಕಾಟಮ್ಮ ಬಂದೀನಿ. ಲಕ್ಷ್ಮೀ ಬಂದಾಳೆ. ಬರ್ಕಳಪ್ಪ’ ಎಂದಳು. ಏರಿಯ ಮೇಲಿದ್ದವರೆಲ್ಲ ನಕ್ಕರು. ಮೇಸ್ತ್ರಿಯೂ ನಕ್ಕ. ಅವನು ಏನು ಬರೆದುಕೊಂಡನೋ ನನಗೆ ಕಾಣಲಿಲ್ಲ. ನನಗೆ ಆಗ ಬಹಳ ನಾಚಿಕೆಯಾಗಿತ್ತು. ಅದಕ್ಕೇ ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.

ನಾವು ಕೇಳಲೇ ಇಲ್ಲ ಎಂದು ಅವಳು ನಿನಗೆ ಹೇಳುತ್ತಿದ್ದಳಲ್ಲ. ಕೇಳಿದ್ದಳು, ಸಂಧ್ಯಾ. ಒಂದು ಸಲ ಕೇಳಿದ್ದಳು.

ಅವ್ವನ ಹಾಳೆಯನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಹುಟ್ಟಿದ ತಾರೀಕು ಗೊತ್ತಿಲ್ಲ ಎಂದೇ ಬರೆದಿದ್ದೇನೆ. ಈ ಸಲ ಮೈದಾ ಅಂಟು ಹಚ್ಚಬೇಡ. ಸೂಜಿ ದಾರ ತೆಗೆದುಕೊಂಡು ಪುಸ್ತಕದ ನಡುವೆ ಹೊಲಿದುಬಿಡು.

ಅಮ್ಮ,
ಲಕ್ಷ್ಮೀದೇವಿ